ಹೊಸ್ತಿಲಿಲ್ಲದ ಹೋಟೆಲು

ಅಣ್ಣುವಿನ ಹೋಟೆಲಿಗೆ ಒಂದು ಚಂದದ ಬಾಗಿಲಿತ್ತು. ಊರಿನಿಂದ ಹಡಗಿನಲ್ಲಿ ತರಿಸಿದ ಹಲಸಿನ ಮರದ ದಾರಂದದ ಚೌಕಟ್ಟು, ಅದರ ಬುಡಕ್ಕೆ ಗಟ್ಟಿ ಹೊಸ್ತಿಲು, ಹೊಸ್ತಿಲಿಗೆ ದಿನಾ ಬೆಳಿಗ್ಗೆ ಅರಸಿನ ಕುಂಕುಮ. ಆ ಬಾಗಿಲಲ್ಲಿ ಒಳಗೆ ಬರುವ ಜನ ಮಾತ್ರ ಇರಲಿಲ್ಲ.

ಜನ ಎಲ್ಲಿದ್ದರು ಅಂದರೆ ಹಿಂದುಗಡೆ ಇದ್ದರು. ಅಡಿಗೆ ಕೋಣೆಯ ತಟ್ಟಿಗೋಡೆಯ ಆಚೆ, ಆಗ್ರಾ ರಸ್ತೆಯಲ್ಲಿ, ಬೆಳಗಿನಿಂದ ಸಾಯಂಕಾಲದವರೆಗೂ ಜಾತ್ರೆಯ ಹಾಗೆ ಓಡಾಡುತ್ತಿದ್ದರು. ಅವರ ಗಲಾಟೆ ಕೇಳುತ್ತಿತ್ತು, ಅವರು ಎಬ್ಬಿಸಿದ ಧೂಳು ತಟ್ಟಿಯ ಸಂದಿನಿಂದ ಬಂದು ಸಾಂಬಾರಿಗೆ ಬೀಳುತ್ತಿತ್ತು. ಅಣ್ಣು ಎದುರಿನ ಗಲ್ಲಾದಲ್ಲಿ ಕೂತು ನಿರ್ಜನ ಕಾಲುದಾರಿಯನ್ನು ನೋಡುತ್ತ, ಬೆನ್ನ ಹಿಂದಿನ ಗಲಾಟೆ ಕೇಳಿಸಿಕೊಳ್ಳುತ್ತ, ಹಲ್ಲು ಕಡಿಯುತ್ತಿದ್ದ. ಐವತ್ತನಾಲ್ಕನೇ ಇಸವಿಯ ಬೇಸಗೆಯಲ್ಲಿ, ಭಾಂಡುಪಿನಲ್ಲಿ, ಅವನ ಸ್ಥಿತಿ ಇದು.

ಹಾಗಾದರೆ ಹೋಟೆಲನ್ನು ತಿರುಗಿಸಿ ಯಾಕೆ ಕಟ್ಟಿದ ಈ ಮನುಷ್ಯ, ತಲೆ ಸರಿ ಇರಲಿಲ್ಲವಾ ಅಂತ ಕೇಳಬಹುದು. ತಲೆ ಸರಿಯಾಗಿಯೇ ಇತ್ತು. ಅವನು ಕಟ್ಟಿದಾಗ ಎದುರು ಅಂದರೆ ಅದೇ ಬದಿ. ಊರು ಆಮೇಲೆ ಮಗ್ಗುಲು ಬದಲಿಸಿತು. ಮುಂಬಯಿ ಅನ್ನುವುದು ಹಾಗೆಯೇ, ಯಾರನ್ನೂ ಕೇಳಿ ಬೆಳೆಯುವುದಿಲ್ಲ.

ಅಣ್ಣು ಕರಾವಳಿಯ ಕಾಪು ಬದಿಯವನು. ಇವನು ಸಣ್ಣವನಿರುವಾಗಲೇ ಅಪ್ಪ ತೀರಿಹೋದ. ಅಮ್ಮ ಧಣಿಗಳ ಮನೆಗೆ ಬತ್ತ ಕುಟ್ಟಲು ಹೋಗುತ್ತಿದ್ದಳು, ಅವಳ ಸೆರಗು ಹಿಡಿದು ಇವನೂ ಹೋಗುತ್ತಿದ್ದ. ಧಣಿಗಳ ಎದುರಂಗಳಕ್ಕೆ ಇವರು ಕಾಲಿಡುವ ಹಾಗಿರಲಿಲ್ಲ. ಬೇಲಿಯ ಬದಿಯಿಂದ ಸುತ್ತಿ ಹಿತ್ತಲಿಗೆ ಹೋಗಬೇಕು, ಬಚ್ಚಲ ನೀರು ಹರಿಯುವಲ್ಲಿ ನಿಲ್ಲಬೇಕು. ಒಳಗಿನವರಿಗೆ ನೆನಪಾದರೆ ಒಂದು ಕೈ ಹೊರಗೆ ಬಂದು ಗಂಜಿ ಹೊಯ್ದು ಒಳಗೆ ಹೋಗುತ್ತಿತ್ತು. ಕೈ ಮಾತ್ರ. ಆ ಕೈಯ ಮುಖ ಹೇಗಿದೆ ಅಂತ ಅಣ್ಣುವಿಗೆ ಕೊನೆಗೂ ಗೊತ್ತಾಗಲಿಲ್ಲ. ಬಳೆ ನೋಡಿ ಇವತ್ತು ಹೊಯ್ದದ್ದು ಸೊಸೆ, ನಿನ್ನೆ ಹೊಯ್ದದ್ದು ಅತ್ತೆ ಅಂತ ತಿಳಿದುಕೊಳ್ಳುತ್ತಿದ್ದ.

ಅವನನ್ನು ಅಲ್ಲಿಂದ ಎಬ್ಬಿಸಿ ಹಡಗು ಹತ್ತಿಸಿ ಮುಂಬಯಿಗೆ ತಂದವನು ಸೋದರಮಾವ ದೂಜ. ಆ ಕಡೆ ಅಳಿಯಸಂತಾನದ ಮನೆಗಳು. ಅಪ್ಪ ಬದುಕಿದ್ದರೂ ಮಾವನ ಮಾತೇ ಮೇಲೆ, ಅಪ್ಪನೇ ಇಲ್ಲದವನಿಗೆ ಕೇಳುವುದೇ ಬೇಡ. ದೂಜ ಮುಂಬಯಿಯ ಕೋಟೆ ಪೇಟೆಯ ಕಡೆಯ ಒಂದು ಹೋಟೆಲಿನಲ್ಲಿ ಅಡಿಗೆಯವನಾಗಿದ್ದ. ಅಳಿಯನನ್ನು ಅಲ್ಲೇ ಗ್ಲಾಸು ತೊಳೆಯಲು ಹಾಕಿದ. ಗ್ಲಾಸಿನಿಂದ ಹಿಟ್ಟು ಕಡೆಯುವ ಕಲ್ಲಿಗೆ, ಅಲ್ಲಿಂದ ದೋಸೆ ಕಲ್ಲಿಗೆ ಏರಿದ ಅಣ್ಣು, ಮೀಸೆ ಗಟ್ಟಿಯಾಗುವ ಹೊತ್ತಿಗೆ ಸಯನ್ನಿನಲ್ಲಿ ಸದಾನಂದ ಎಂಬವನ ಹೋಟೆಲಿನಲ್ಲಿ ದೊಡ್ಡ ಕೈಯಾಗಿದ್ದ.

ಆಗ ಸಯನ್ ಅಂದರೆ ಮುಂಬಯಿಯ ಕೊನೆ. ಅದನ್ನು ದಾಟಿದರೆ ಉಪ್ಪಿನ ಗದ್ದೆ, ಕೆಸರು, ಸೊಳ್ಳೆ. ದೇಶ ಒಡೆದು ಎರಡಾದ ಮೇಲೆ ನಿರಾಶ್ರಿತರು ಬಂದು ತುಂಬಿದರು, ಹಿಂದಿನಿಂದ ಕರಾವಳಿಯವರು, ಘಾಟಿಯ ಮೇಲಿನವರು, ಮದ್ರಾಸಿನವರು. ಐವತ್ತರಲ್ಲಿ ಮುನಿಸಿಪಾಲಿಟಿಯವರು ಊರಿನ ಗಡಿಯನ್ನು ಸಯನ್ನಿನಿಂದ ಎತ್ತಿ ಭಾಂಡುಪಿಗೆ ಒಯ್ದಿಟ್ಟರು. ಮೊನ್ನೆಯವರೆಗೆ ಹಳ್ಳಿ ಅನ್ನಿಸಿಕೊಂಡದ್ದು ಬೆಳಗಾಗುವಾಗ ಮುಂಬಯಿ.

ಸದಾನಂದನ ಹೋಟೆಲಿನಲ್ಲಿ ಅಣ್ಣುವಿಗೆ ಎಲ್ಲವೂ ಇತ್ತು. ಒಂದೇ ವಿಷಯ ಅವನ ಗಂಟಲಲ್ಲಿ ಮುಳ್ಳಿನ ಹಾಗೆ ನಿಂತಿತ್ತು. ರಸ್ತೆ ಗುಡಿಸುವವರು, ಚರಂಡಿಯವರು, ಮೈಯೆಲ್ಲ ಕಲ್ಲಿದ್ದಲು ಮೆತ್ತಿಕೊಂಡ ಹಮಾಲರು ಬಂದರೆ ಸದಾನಂದ ಗಲ್ಲಾದಿಂದಲೇ ಕೈ ಬೀಸುತ್ತಿದ್ದ. "ಪೀಛೇ, ಪೀಛೇ." ಅವರು ಸುತ್ತಿ ಹಿಂದೆ ಹೋಗಿ ಬಚ್ಚಲಿನ ಹತ್ತಿರ ನಿಲ್ಲುತ್ತಿದ್ದರು. ಅಡಿಗೆ ಕೋಣೆಯ ಕಿಂಡಿಯಿಂದ ಒಂದು ಕೈ ಚಾ ಕೊಡುತ್ತಿತ್ತು. ಆ ಕೈ ಅಣ್ಣುವಿನದು.

ಒಂದು ದಿನ ಅಣ್ಣು ಕೊಡಲಿಲ್ಲ.

"ಎದುರಿನಿಂದ ಬರಲಿ," ಅಂದ. "ಎದುರಿನಿಂದ ಬಂದರೆ ನಿನ್ನ ಕುರ್ಚಿ ಸವೆದು ಹೋಗುತ್ತದಾ?"

"ಓಹೋ, ದೋಸೆ ಹೊಯ್ಯುವವ ಈಗ ಧರ್ಮರಾಯ ಆಗಿದ್ದಾನೆ," ಅಂದ ಸದಾನಂದ. ಗಿರಾಕಿಗಳು ನಕ್ಕರು. "ಅಷ್ಟು ದೊಡ್ಡ ಮನಸ್ಸಿದ್ದರೆ ನೀನೇ ಒಂದು ಹೋಟೆಲು ತೆರೆ ಮಾರಾಯ. ರಾಜಬಾಗಿಲು ಇಡು, ಎಲ್ಲರನ್ನೂ ಮೆರವಣಿಗೆಯಲ್ಲಿ ಒಳಗೆ ಕರೆ."

"ಇಡುತ್ತೇನೆ. ಇನ್ನೊಮ್ಮೆ ನಿನ್ನ ಕಲ್ಲಿನ ಮುಂದೆ ನಿಂತರೆ ನನ್ನನ್ನು ಅಣ್ಣು ಅಂತ ಕರೆಯಬೇಡ!"

ಕೈಯಲ್ಲಿದ್ದ ಸೌಟನ್ನು ಚಟ್ನಿಯ ಪಾತ್ರೆಗೆ ಬಿಸಾಡಿದ. ಚಟ್ನಿ ಹಾರಿ ಸದಾನಂದನ ಬಿಳಿ ಅಂಗಿಯ ಎದೆಗೆ ಬಿತ್ತು. ಇನ್ನು ಹೊರಡದೆ ಉಪಾಯವಿರಲಿಲ್ಲ.

ಹೀಗೆ ಅಣ್ಣು ಭಾಂಡುಪಿಗೆ ಬಂದದ್ದು. ಸ್ಟೇಷನ್ನಿಗೂ ಆಗ್ರಾ ರಸ್ತೆಗೂ ನಡುವೆ ಅಲ್ಲಿಯ ಒಬ್ಬ ಮರಾಠಿ ಯಜಮಾನನ ಜಾಗ ಬಾಡಿಗೆಗೆ ಸಿಕ್ಕಿತು. ಒಂದು ಮಗ್ಗುಲಲ್ಲಿ ನಾಲೆ, ಇನ್ನೊಂದು ಮಗ್ಗುಲಲ್ಲಿ ಕಲ್ಲಿದ್ದಲು ಡಿಪೋದ ಉದ್ದದ ಬೇಲಿ. ಮೂಡು ಬದಿಯಲ್ಲಿ ಸ್ಟೇಷನ್ನಿನಿಂದ ಬರುವ ಕಾಲುದಾರಿ, ಪಡು ಬದಿಯಲ್ಲಿ ಆಗ್ರಾ ರಸ್ತೆ. ಬಾಗಿಲು ಎತ್ತ ಇಡುವುದು?

ದೂಜಮಾವ ಆಂಟಾಪ್ ಹಿಲ್ಲಿನಿಂದ ಬಂದ. ಕೆಲಸ ಬಿಟ್ಟು ಅಲ್ಲಿ ಕುಟುಂಬದವರ ಖೋಲಿಯಲ್ಲಿ ಇರುತ್ತಿದ್ದ. ಆಗಲೇ ಅವನಿಗೆ ಕಣ್ಣು ಮಂಜಾಗುತ್ತಿತ್ತು, ಬಾಯಿ ಮಾತ್ರ ಮಂಜಾಗಿರಲಿಲ್ಲ. ಬೆಳಗಿನ ಬಿಸಿಲು ಮುಖಕ್ಕೆ ಬೀಳುವ ಹಾಗೆ ನಿಂತು ಕೋಲಿನಿಂದ ನೆಲಕ್ಕೆ ಗೀರಿದ.

"ಇಲ್ಲಿ. ಮೂಡಿಗೆ."

"ಆಗ್ರಾ ರಸ್ತೆಗೆ ಇಟ್ಟರೆ ಹೇಗೆ ಮಾವ? ದೊಡ್ಡ ರಸ್ತೆ."

"ಆ ರಸ್ತೆಯಲ್ಲಿ ಎಂತ ಉಂಟು? ನಾಸಿಕದ ಈರುಳ್ಳಿ ಲಾರಿ. ಈರುಳ್ಳಿ ಇಳಿದು ಬಂದು ನಿನ್ನ ದೋಸೆ ತಿನ್ನುತ್ತದಾ? ಮನುಷ್ಯರು ಬರುವುದು ಸ್ಟೇಷನ್ನಿನಿಂದ. ಅದೂ ಅಲ್ಲದೆ ಪಡುವಿನ ಬಾಗಿಲು ನಮ್ಮ ಕುಟುಂಬಕ್ಕೆ ಆಗಿ ಬಂದದ್ದಲ್ಲ. ನಿನ್ನ ಅಜ್ಜಿಯ ಅಣ್ಣ ಇಟ್ಟಿದ್ದ. ಒಂದು ಮಳೆಗಾಲ, ಮನೆ ಕೂತೇ ಹೋಯಿತು. ನಾನು ಜೀವದಲ್ಲಿರುವವರೆಗೆ ಪಡುವಿಗೆ ಬಾಗಿಲು ಇಡಬಾರದು, ಗೊತ್ತಾಯಿತಾ?"

ಗೊತ್ತಾಯಿತು ಅಂದ ಅಣ್ಣು. ಮಾವನ ಕೈಯಿಂದಲೇ ಹಲಸಿನ ದಾರಂದ ನಿಲ್ಲಿಸಿದ. ಅದರ ಕೆಳಗೆ ಒಂದು ಚೂರು ಬಂಗಾರ ಹಾಕಿ ಹೊಸ್ತಿಲು ಕೂರಿಸಿದ. ಮಾವನ ನೆಪ ಏನೇ ಇರಲಿ, ಅವನ ಮನಸ್ಸಿನಲ್ಲಿ ಇದ್ದದ್ದು ಒಂದೇ. ಗುಡಿಸುವವನು, ಹೊರುವವನು, ಯಾರೇ ಆಗಲಿ ಈ ಬಾಗಿಲಿನಿಂದ ತಲೆಯೆತ್ತಿ ಬರಬೇಕು. ಈ ಹೋಟೆಲಿನ ಹಿತ್ತಲಲ್ಲಿ ಒಬ್ಬನೂ ನಿಲ್ಲಕೂಡದು.

ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಕಲ್ಲುಕೋರೆಯವರು, ಉಪ್ಪಿನ ಗದ್ದೆಯವರು, ಇಟ್ಟಿಗೆ ಭಟ್ಟಿಯವರು ಕಾಲುದಾರಿಯಲ್ಲಿ ಬಂದು ಬೆಂಚಿನ ಮೇಲೆ ಮೊಣಕೈಗೆ ಮೊಣಕೈ ತಾಗಿಸಿ ಕೂತು ತಿಂದರು. ಅಣ್ಣು ಊರಿನಿಂದ ಹೆಂಡತಿಯನ್ನು ಕರೆಸಿದ. ಶೀಲಾವತಿ. ಮದುವೆಯಾಗಿ ಎಷ್ಟೋ ವರ್ಷವಾಗಿತ್ತು, ಗಂಡಹೆಂಡತಿ ಒಟ್ಟಿಗೆ ಇದ್ದದ್ದು ಅಣ್ಣು ರಜೆಯಲ್ಲಿ ಬಂದಾಗ ಮಾತ್ರ. ಹೋಟೆಲಿನವರ ಸಂಸಾರ ಆಗೆಲ್ಲ ಹಾಗೆಯೇ. ಗಂಡ ಮುಂಬಯಿಯಲ್ಲಿ ಹೋಟೆಲಿನ ಮಾಳಿಗೆಯಲ್ಲಿ ಹತ್ತು ಜನರ ನಡುವೆ ಚಾಪೆ ಬಿಡಿಸಬೇಕು, ಹೆಂಡತಿ ಊರಿನಲ್ಲಿ ಹಡಗಿನ ದಾರಿ ಕಾಯಬೇಕು. ಈಗ ಅಡಿಗೆ ಕೋಣೆಯ ಮಗ್ಗುಲಲ್ಲಿ ಇವರದೇ ಒಂದು ಸಣ್ಣ ಕೋಣೆ. ಶೀಲಾವತಿ ತಿಂಗಳೊಳಗೆ ಮರಾಠಿ ಕಲಿತು ಮೀನಿನವಳ ಹತ್ತಿರ ಜಗಳವಾಡುವಷ್ಟಾದಳು. ಅಣ್ಣು ಹೊರಗೆ ಕೂತು ಆ ಜಗಳ ಕೇಳಿ ಒಳಗೊಳಗೇ ಖುಷಿಪಡುತ್ತಿದ್ದ.

ಆಮೇಲೆ ಆಗ್ರಾ ರಸ್ತೆಯ ಆಚೆ ಬದಿಯಲ್ಲಿ ಕಾರ್ಖಾನೆ ಬಂತು. ತಂತಿ ಎಳೆಯುವ ಕಾರ್ಖಾನೆ, ಆನೆಯಷ್ಟು ಎತ್ತರದ ಗೇಟು, ಗೇಟು ಸರಿಯಾಗಿ ಅಣ್ಣುವಿನ ಹಿತ್ತಲಿಗೆ ಎದುರು. ಮೊದಲು ಅಣ್ಣು ಕುಣಿದಾಡಿದ. ಕೆಲಸದವರು ಸ್ಟೇಷನ್ನಿನಿಂದಲೇ ತಾನೇ ಬರಬೇಕು, ಕಾಲುದಾರಿಯಲ್ಲಿ ನನ್ನ ಬಾಗಿಲ ಮುಂದೆಯೇ ಅಂತ. ಕಾರ್ಖಾನೆ ಬಂದ ಬೆನ್ನಿಗೇ ಹೊಸ ರಸ್ತೆಯೂ ಬಂತು. ಸ್ಟೇಷನ್ನಿನಿಂದ ಹೊರಟು ಡಿಪೋದ ಆಚೆ ಬದಿಯಿಂದ ಸೀದಾ ಗೇಟಿನ ಹತ್ತಿರ ಆಗ್ರಾ ರಸ್ತೆಗೆ ಸೇರುವ ಅಗಲ ರಸ್ತೆ. ಅದು ತೆರೆದ ದಿನದಿಂದ ಕಾಲುದಾರಿಯಲ್ಲಿ ಎಮ್ಮೆ ಬಿಟ್ಟರೆ ಯಾರೂ ಇಲ್ಲ. ಒಂದು ಮಳೆಗೆ ಅದರಲ್ಲಿ ಮುಳ್ಳು ಎದ್ದಿತು. ಗೇಟಿನಿಂದ ಅಣ್ಣುವಿನ ಬಾಗಿಲಿಗೆ ಬರಬೇಕಾದರೆ ಡಿಪೋದ ಇಡೀ ಬೇಲಿ ಸುತ್ತಬೇಕು. ಊಟದ ಸೈರನ್ನು, ಆ ಭೋಂಗಾ, ಒಮ್ಮೆ ಕೂಗಿ ಮತ್ತೆ ಕೂಗುವುದರೊಳಗೆ ಯಾವನು ಸುತ್ತುತ್ತಾನೆ?

ಸುತ್ತುವವರು ಒಬ್ಬರಿದ್ದರು, ವೆಂಕಟಸುಬ್ಬಯ್ಯ. ಮೈಸೂರಿನವರು, ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತರು, ಸಯನ್ನಿನಿಂದ ದಿನಾ ಲೋಕಲ್ಲಿನಲ್ಲಿ ಬರುವವರು. ಕಾಫಿಗಾಗಿ ಎಷ್ಟು ದೂರ ಬೇಕಾದರೂ ನಡೆಯುವ ಜಾತಿಯ ಮನುಷ್ಯ. ಪ್ಯಾಂಟಿಗೆ ಮೆತ್ತಿದ ಮುಳ್ಳು ಕೀಳುತ್ತ ಒಳಗೆ ಬರುತ್ತಿದ್ದರು.

"ಏನ್ರೀ ಶೆಟ್ಟರೇ, ನಿಮ್ಮ ಕಾಫಿ ಕುಡಿಯೋಕೆ ಪ್ರದಕ್ಷಿಣೆ ಹಾಕಬೇಕಲ್ರೀ! ತಿರುಪತಿಯಲ್ಲೂ ಇಷ್ಟು ಕಷ್ಟ ಇಲ್ಲ."

"ನಾನು ಶೆಟ್ಟಿ ಅಲ್ಲ ಸ್ವಾಮಿ, ಪೂಜಾರಿ. ಎಷ್ಟು ಸಲ ಹೇಳುವುದು?"

"ಹೋಟೆಲಿಟ್ಟೋರೆಲ್ಲ ನಮಗೆ ಶೆಟ್ಟರೇ ಕಣ್ರೀ. ಅದಿರಲಿ, ಗೇಟಲ್ಲಿ ನಿಂತರೆ ನಿಮ್ಮ ಹೊಗೆ ಕಾಣುತ್ತೆ, ಒಗ್ಗರಣೆ ವಾಸನೆ ಬರುತ್ತೆ, ಹೋಟೆಲು ಮಾತ್ರ ಸಿಗೋಲ್ಲ. ನಮ್ಮವರೆಲ್ಲ ತಣ್ಣಗಾದ ಬುತ್ತಿ ಬಯ್ಕೋತಾ ತಿಂತಾರೆ. ಒಬ್ಬ ಇರಾನಿ ಹೋಟೆಲಿನೋನು ಬಂದು ಗೇಟಿನ ಹತ್ತಿರ ಜಾಗ ನೋಡ್ಕೊಂಡು ಹೋದ, ಗೊತ್ತೇನು? ಆ ಹಿಂದಿನ ಗೋಡೆ ಯಾಕೆ ಇಟ್ಕೊಂಡು ಕೂತಿದೀರಿ?"

"ಅದು ನನ್ನ ಹೋಟೆಲಿನ ಹಿತ್ತಲು," ಅಂದ ಅಣ್ಣು. ಸ್ವರದಲ್ಲಿದ್ದ ಬಿಸಿ ಕೇಳಿ ವೆಂಕಟಸುಬ್ಬಯ್ಯ ಕಾಫಿ ಕುಡಿದು, ಮತ್ತೆ ಮುಳ್ಳಿಗೆ ಹೊರಟರು.

ಬೇಸಗೆ ಬರುವಾಗ ಹೋಟೆಲು ಕುಂಟತೊಡಗಿತು. ನೆನೆಹಾಕುವ ಅಕ್ಕಿ ದಿನದಿಂದ ದಿನಕ್ಕೆ ಕಡಿಮೆಯಾಯಿತು. ಕೆಲಸದ ಇಬ್ಬರು ಬೇರೆ ಕಡೆ ಹೋದರು. ಸಂಗತಿ ಸಯನ್ನಿಗೂ ಮುಟ್ಟಿತು. ಸದಾನಂದ ಹೇಳಿ ಕಳುಹಿಸಿದ: "ದೋಸೆ ಕಲ್ಲು ಖಾಲಿ ಉಂಟು. ಬರುವುದಾದರೆ ಬರಲಿ. ಹಿಂದಿನ ಬಾಗಿಲಿನಿಂದ."

ಆ ಮಾತನ್ನು ಅಣ್ಣು ನುಂಗಿದ. ಸೌಟಿನಿಂದ ಹೊಡೆದ ಹಾಗಾಯಿತು, ಆದರೂ ನುಂಗಿದ. ಮಾವನಿಗೆ ಸುದ್ದಿ ಕಳುಹಿಸಿದ: ಮಳೆ ಹಿಡಿಯುವ ಮೊದಲಿನ ಹಡಗಿಗೆ ನೀವು ಊರಿಗೆ ಹೋಗುವಾಗ ಶೀಲಾವತಿಯನ್ನೂ ಕರೆದುಕೊಂಡು ಹೋಗಿ, ನಾನು ಹೋಟೆಲು ಮುಚ್ಚಿ ಸಯನ್ನಿಗೆ ಹೋಗುತ್ತೇನೆ. ಮಳೆ ಬಿದ್ದರೆ ಹಡಗು ನಿಲ್ಲುತ್ತದೆ. ಇನ್ನು ಅವಳ ಮುಖ ನೋಡುವುದು ಯಾವ ರಜೆಗೋ. ಗುರುವಾರ ಬೆಳಿಗ್ಗೆ ಬರುತ್ತೇನೆ, ಅವಳು ತಯಾರಿರಲಿ ಅಂತ ಮಾವನಿಂದ ಉತ್ತರ ಬಂತು.

ಶೀಲಾವತಿ ಅಳಲಿಲ್ಲ. ತಗಡಿನ ಟ್ರಂಕು ತೆಗೆದು ಸೀರೆ ಮಡಚಿಟ್ಟಳು. ಮಡಚುವಾಗ ಒಂದೊಂದು ಸೀರೆಯನ್ನೂ ಹೊಡೆದ ಹಾಗೆ ಕೊಡವಿದಳು. ಅದು ಅಳುವುದಕ್ಕಿಂತ ಕಷ್ಟವಾಯಿತು ಅಣ್ಣುವಿಗೆ.

ಹೀಗಿರುವಾಗ ಬುಧವಾರ ಒಂದು ಘಟನೆ ನಡೆಯಿತು. ಅಣ್ಣು ಗಲ್ಲಾದಲ್ಲಿ ಕೂತಿದ್ದ. ಬೆಂಚಿನಲ್ಲಿ ನೊಣ ಬಿಟ್ಟರೆ ಯಾರೂ ಇಲ್ಲ. ಒಳಗಿನಿಂದ ಮಾತು ಕೇಳಿಸಿತು, ಗಂಡಸಿನ ಸ್ವರ. ಹೋಗಿ ನೋಡಿದರೆ, ಪಾತ್ರೆ ತೊಳೆದ ನೀರು ಚೆಲ್ಲಲು ಹಿಂದಿನ ತಟ್ಟಿಯಲ್ಲಿ ಕೊರೆದಿದ್ದ ಕಿಂಡಿಯಿಂದ ಶೀಲಾವತಿ ಹೊರಗೆ ಕೈ ಚಾಚಿದ್ದಾಳೆ, ಕೈಯಲ್ಲಿ ಚಾದ ಗ್ಲಾಸು. ಆಚೆ ಕೊಳಚೆ ನೀರಿನಲ್ಲಿ ನಿಂತು ಅದನ್ನು ತೆಗೆದುಕೊಳ್ಳುತ್ತಿದ್ದವನು ಗದಿಗೆಪ್ಪ. ವಿಜಾಪುರದ ಕಡೆಯವನು, ರಸ್ತೆ ಕೆಲಸದ ಗುಂಪಿನ ಮುಖಂಡ.

ಅಣ್ಣುವಿಗೆ ಗದಿಗೆಪ್ಪ ಕಾಣಲಿಲ್ಲ. ಕಿಂಡಿಯಿಂದ ಹೊರಗೆ ಚಾಚಿದ ಆ ಕೈ ಮಾತ್ರ ಕಂಡಿತು. ಅದರ ಬಳೆ ಕಂಡಿತು.

"ತೆಗೆ ಕೈ!" ಅಂತ ಅಬ್ಬರಿಸಿದ. ಗ್ಲಾಸು ಬಿದ್ದು ಒಡೆಯಿತು. "ಹಿತ್ತಲಲ್ಲಿ ನಿಂತು ಕುಡಿಯಲು ನೀನು ನಾಯಿಯಾ? ಬರುವುದಾದರೆ ಎದುರಿನಿಂದ ಬಾ, ಮನುಷ್ಯನ ಹಾಗೆ!"

ಗದಿಗೆಪ್ಪ ಹೆದರುವ ಆಳಲ್ಲ. ಕಿಂಡಿಗೆ ಮುಖ ತಂದು ಅಂದ, "ಎದುರು ಅಂದ್ರ ಯಾವ ಕಡೇರಿ ಅಣ್ಣಾ? ನಾ ನಿಂತ ಕಡೆ ನನಗ ಎದುರು. ಗ್ವಾಡಿ ಅಡ್ಡ ಇಟ್ಟೋರು ನೀವು, ನಾಯಿ ಅಂತ ನನಗ ಬೈತೀರಿ. ಚಾ ಚೆಲ್ಲಿತು, ಇನ್ನೊಂದು ಕೊಡ್ರಿ, ಹೋಕ್ಕೇನಿ."

ಶೀಲಾವತಿ ಇನ್ನೊಂದು ಗ್ಲಾಸು ತುಂಬಿ, ಗಂಡನ ಮುಖ ನೋಡದೆ, ಅದೇ ಕಿಂಡಿಯಿಂದ ಕೊಟ್ಟಳು. ಅವನು ಹೋದ ಮೇಲೆ ತಿರುಗಿದಳು.

"ನಿಮಗೆ ನಿಮ್ಮ ಧಣಿಗಳ ಹಿತ್ತಲು ಮಾತ್ರ ನೆನಪು. ಈ ಗೋಡೆ ತೆಗೆದರೆ ಅದು ಹಿತ್ತಲು ಹೇಗಾಗುತ್ತದೆ?"

"ಮಾವ ಪಡುವಿಗೆ ಬಾಗಿಲು ಬೇಡ ಅಂದಿದ್ದಾರೆ."

"ಹಾಗಾದರೆ ಮಾವನನ್ನೇ ಕೇಳಿ. ನಾಳೆ ಬರುತ್ತಾರಲ್ಲ."

"ಕೇಳುವುದಾ? ಅವರ ಎದುರು ನಿಂತು, ನೀವು ಇಟ್ಟ ಬಾಗಿಲು ಸರಿಯಾಗಲಿಲ್ಲ ಅಂತ ಹೇಳುವುದಾ?"

"ನನ್ನನ್ನು ಹಡಗು ಹತ್ತಿಸುವುದು ಸುಲಭ, ಮಾವನನ್ನು ಒಂದು ಮಾತು ಕೇಳುವುದು ಕಷ್ಟ ಅಲ್ಲವಾ?" ಅಂದಳು ಶೀಲಾವತಿ. ಟ್ರಂಕಿನ ಮುಚ್ಚಳ ಧಡಾರನೆ ಹಾಕಿದಳು.

ಆ ಮಾತು ಅಣ್ಣುವಿನ ಎದೆಗೆ ನೆಟ್ಟಿತು. ಗುರುವಾರ ಬೆಳಿಗ್ಗೆ ಏಳುವಾಗಲೇ ಕೇಳಿಯೇ ಕೇಳುತ್ತೇನೆ ಅಂತ ನಿಶ್ಚಯಿಸಿದ. ಆದರೆ ಕೇಳುವುದಕ್ಕೂ ಒಂದು ಕ್ರಮ ಉಂಟಲ್ಲ. ಮಾವನನ್ನು ಸ್ಟೇಷನ್ನಿನಿಂದ ಕಾಲುದಾರಿಯಲ್ಲಿ ನಡೆಸಿ ತಂದು, ಅವನೇ ಇಟ್ಟ ಬಾಗಿಲಿನಿಂದ ಒಳಗೆ ಕರೆದು, ಕೂರಿಸಿ, ನೀರು ಬೆಲ್ಲ ಕೊಟ್ಟು, ಆಮೇಲೆ ಮೆಲ್ಲಗೆ ಮಾತು ತೆಗೆಯಬೇಕು. ಕತ್ತಿ ಹಿಡಿದು ಹೋಗಿ ಕಾಲುದಾರಿಯ ಮುಳ್ಳು ಸವರಿದ. ಹೊಸ್ತಿಲು ತೊಳೆದು ರಂಗೋಲಿ ಹಾಕಿಸಿದ. ಒಗೆದ ಅಂಗಿ ಹಾಕಿಕೊಂಡು ಸ್ಟೇಷನ್ನಿಗೆ ಹೋಗಿ ಕಾಲುದಾರಿ ಶುರುವಾಗುವಲ್ಲಿ ನಿಂತ.

ಒಂದು ಲೋಕಲ್ ಬಂತು. ಮಾವ ಇಲ್ಲ. ಇನ್ನೊಂದು ಬಂತು. ಇಳಿದವರೆಲ್ಲ ಹೊಸ ರಸ್ತೆಗೆ ನುಗ್ಗಿದರು, ಹಳೆಯ ದಾರಿಯ ಕಡೆ ಒಬ್ಬನೂ ಕತ್ತೆತ್ತಿ ನೋಡಲಿಲ್ಲ. ಇಷ್ಟು ಜನ ಎಲ್ಲಿಂದ ಬಂದರು ಅಂತ ಅಣ್ಣುವಿಗೆ ಮೊದಲ ಸಲ ಆಶ್ಚರ್ಯವಾಯಿತು. ಬೆನ್ನ ಹಿಂದೆ ಗಲಾಟೆ ಕೇಳಿದ್ದೇ ಹೊರತು, ಹೀಗೆ ಮುಖಾಮುಖಿ ಅವರನ್ನು ಅವನು ನೋಡಿರಲಿಲ್ಲ. ಪಂಜಾಬಿ, ಮದ್ರಾಸಿ, ಭಯ್ಯಾ, ಘಾಟಿಯವ, ಟೋಪಿ ಹಾಕಿದವ, ಪಟಗ ಸುತ್ತಿದವ, ಕಂಕುಳಲ್ಲಿ ಬುತ್ತಿ ಒತ್ತಿ ಹಿಡಿದವ. ಇವರೆಲ್ಲ ನನ್ನ ಹೋಟೆಲಿನ ಮಗ್ಗುಲಿನಲ್ಲೇ ಹೋಗಿ ತಣ್ಣಗಿನ ರೊಟ್ಟಿ ಜಗಿಯುತ್ತಾರೆ, ನಾನು ಎಮ್ಮೆ ಎಣಿಸುತ್ತ ಕೂತಿದ್ದೇನೆ. ನನ್ನಂಥ ಮಂಗ ಈ ಮುಂಬಯಿಯಲ್ಲಿ ಇನ್ನೊಬ್ಬ ಇದ್ದಾನಾ ಅನ್ನಿಸಿತು.

ಬಿಸಿಲು ನೆತ್ತಿಗೇರಿತು. ಮಾವ ಬರಲಿಲ್ಲ. ಮೊಣಕಾಲು ನೋವಾಗಿ ಉಳಿದಿರಬೇಕು, ಇನ್ನು ನಾಳೆಯೋ ಏನೋ. ಬಿಗಿದುಕೊಂಡಿದ್ದ ಧೈರ್ಯವೆಲ್ಲ ಬೆವರಿನ ಜೊತೆ ಇಳಿದುಹೋಗಿ ಅಣ್ಣು ಕಾಲೆಳೆಯುತ್ತ ಹಿಂದಿರುಗಿದ.

ಹೊಸ್ತಿಲು ದಾಟುವಾಗ ಅಡಿಗೆ ಕೋಣೆಯಿಂದ ಸ್ವರ ಕೇಳಿತು.

"ಅಲ್ಲ ಶೀಲು, ಇಷ್ಟು ತಗ್ಗು ಬಾಗಿಲು ಯಾವ ಬೇವಾರ್ಸಿ ಇಟ್ಟದ್ದು? ನನ್ನ ತಲೆ ಎರಡು ಹೋಳಾಗುತ್ತಿತ್ತಲ್ಲ!"

ಅಣ್ಣು ಒಳಗೆ ಓಡಿದ. ಕಡೆಯುವ ಕಲ್ಲಿನ ಬದಿಯಲ್ಲಿ ಮಣೆಯ ಮೇಲೆ ಕಾಲು ನೀಡಿ ದೂಜಮಾವ ಕೂತಿದ್ದಾನೆ. ಒಂದು ಕೈಯಲ್ಲಿ ದೋಸೆ, ಇನ್ನೊಂದು ಕೈಯಿಂದ ಹಣೆಯ ಬುಗುಟು ಉಜ್ಜಿಕೊಳ್ಳುತ್ತಿದ್ದಾನೆ. ಹಿಂದಿನ ತಟ್ಟಿಯ ಕೆಳಭಾಗವನ್ನು ಯಾರೋ ಎತ್ತಿ ಹಗ್ಗದಿಂದ ಕಟ್ಟಿದ್ದಾರೆ. ಆಚೆ ಗದಿಗೆಪ್ಪ ಮತ್ತು ಅವನ ಜನ ಬಗ್ಗಿ ಒಳಗೆ ಇಣುಕುತ್ತಿದ್ದಾರೆ. ಅಲ್ಲೇ ವೆಂಕಟಸುಬ್ಬಯ್ಯನವರೂ ಬಗ್ಗಿದ್ದಾರೆ.

ಆದದ್ದು ಇಷ್ಟು. ಅಣ್ಣು ಸ್ಟೇಷನ್ನಿಗೆ ಮುಟ್ಟುವ ಮೊದಲಿನ ಲೋಕಲ್ಲಿಗೇ ಮಾವ ಬಂದಿದ್ದ. ಕಣ್ಣು ಮಂಜು, ಜನ ನೂಕಿದ ಕಡೆಗೆ ನಡೆದ, ಹೊಸ ರಸ್ತೆಯಲ್ಲಿ ಗೇಟಿಗೆ ಬಂದು ಮುಟ್ಟಿದ. ಎಲ್ಲಿದ್ದೇನೆ ಅಂತ ಗೊತ್ತಾಗದೆ ಬಹಳ ಹೊತ್ತು ಅತ್ತಿತ್ತ ಅಲೆದು ನಿಂತವನಿಗೆ ಒಗ್ಗರಣೆಯ ವಾಸನೆ ಬಡಿಯಿತು. ಮೂಗು ಎಳೆದ ಕಡೆ ಹೋದ ದಾರಿಯಲ್ಲಿ ತಟ್ಟಿ ಅಡ್ಡ ಬಂತು. ಗದಿಗೆಪ್ಪ "ಬರ್ರಿ ಅಜ್ಜಾ" ಅಂತ ತಟ್ಟಿ ಎತ್ತಿ ಹಿಡಿದ. ಮುದುಕ ತಲೆ ಬಡಿಸಿಕೊಂಡು ನುಗ್ಗಿದ.

"ಮಾವ, ನೀವು ಇಟ್ಟ ಬಾಗಿಲು ತಗ್ಗಿಲ್ಲ," ಅಂದ ಅಣ್ಣು. "ಅದು ಆಚೆ ಬದಿಯಲ್ಲಿ ಉಂಟು. ನೀವು ಅದರಿಂದ ಬಂದದ್ದಲ್ಲ."

"ಮತ್ತೆ ನಾನು ಬಂದದ್ದು ಎಲ್ಲಿಂದ?"

"ಪಡುವಿನಿಂದ."

ಮಾವನ ಕೈಯ ದೋಸೆ ಬಾಯಿಯ ಹತ್ತಿರವೇ ನಿಂತಿತು. ಶೀಲಾವತಿ ಒಲೆಯ ಕಡೆ ತಿರುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಾನು... ಹಿತ್ತಲಿನಿಂದ ಬಂದೆನಾ?"

"ಹೌದು. ಈಗ ಎಲ್ಲರೂ ಬರುವುದು ಹಿತ್ತಲಿಗೇ ಮಾವ. ಎದುರಿಗೆ ಯಾರೂ ಇಲ್ಲ. ಗೋಡೆ ತೆಗೆಯುವ ಅಂದರೆ ನಿಮ್ಮ ಮಾತು ಉಂಟು. ನಿಮ್ಮ ಮಾತು ಒಂದೇ ಅಲ್ಲ, ನನ್ನ ಮನಸ್ಸೂ ಒಪ್ಪುವುದಿಲ್ಲ. ಹಿತ್ತಲಿನಿಂದ ಒಬ್ಬನಿಗೆ ಚಾ ಕೊಡುವಾಗ ನನಗೆ ಆ ಧಣಿಗಳ ಮನೆಯ ಕೈ ನೆನಪಾಗುತ್ತದೆ. ಅದಕ್ಕಿಂತ ಮುಚ್ಚಿ ಹೋಗುವುದೇ ಲೇಸು ಅಂದುಕೊಂಡೆ."

ಅಷ್ಟನ್ನೂ ಅವನು ಒಂದೇ ಉಸಿರಿಗೆ ಹೇಳಿದ. ಕೂರಿಸುವುದು, ನೀರು ಬೆಲ್ಲ, ಮೆಲ್ಲಗೆ ಮಾತು ತೆಗೆಯುವುದು, ಯಾವುದೂ ಆಗಲಿಲ್ಲ.

ದೂಜಮಾವ ದೋಸೆ ತಿಂದು ಮುಗಿಸಿದ. ನಿಧಾನವಾಗಿಯೇ ತಿಂದ. ಕೈ ತೊಳೆದ. ಕೋಲು ಕೊಡು ಅಂದ. ಎದ್ದು ಎತ್ತಿ ಕಟ್ಟಿದ ತಟ್ಟಿಯ ಬುಡಕ್ಕೆ ಹೋಗಿ, ಕೋಲಿನಿಂದ ನೆಲವನ್ನು ಆ ಬದಿ ಈ ಬದಿ ತಟ್ಟಿ ನೋಡಿದ.

"ಇಲ್ಲಿ ಹೊಸ್ತಿಲು ಉಂಟಾ?"

"ಇಲ್ಲ ಮಾವ. ಬರೀ ನೆಲ."

"ದಾರಂದ?"

"ಇಲ್ಲ."

"ಹಾಗಾದರೆ ಇದು ಬಾಗಿಲು ಹೇಗಾಯಿತು, ಬೋದಾಳ!" ಅಂತ ಮಾವ ತಿರುಗಿ ಗದರಿದ. "ನಾನು ಹೇಳಿದ್ದು ಪಡುವಿಗೆ ಬಾಗಿಲು ಇಡಬೇಡ ಅಂತ. ಗೋಡೆ ಇಟ್ಟುಕೊಂಡು ಸಾಯಿ ಅಂತ ಹೇಳಿದೆನಾ? ಗೋಡೆ ತೆಗೆ. ದಾರಂದ ಇಡಬೇಡ, ಹೊಸ್ತಿಲು ಇಡಬೇಡ, ಬಾಗಿಲ ಹಲಗೆ ಇಡಬೇಡ. ಹೊಸ್ತಿಲಿಲ್ಲದ್ದಕ್ಕೆ ಬಾಗಿಲು ಅಂತ ಯಾರೂ ಹೇಳುವುದಿಲ್ಲ. ಮೂಡಿನ ಬಾಗಿಲು ಇದ್ದ ಹಾಗೇ ಇರಲಿ, ದಿನಾ ದೀಪ ಇಡು." ಆಮೇಲೆ ಸ್ವರ ಇಳಿಸಿದ. "ಮತ್ತೆ ಆ ಧಣಿಗಳ ಹಿತ್ತಲಲ್ಲಿ ನಾನೂ ನಿಂತಿದ್ದೇನೆ, ನಿನಗಿಂತ ಮುಂಚೆ. ಅಲ್ಲಿ ನಮ್ಮನ್ನು ತಡೆದದ್ದು ಯಾವುದು? ಒಳಗಿನವರು ಒಳಗೆ, ಹೊರಗಿನವರು ಹೊರಗೆ ಅಂತ ಅವರ ಹೊಸ್ತಿಲು. ಇಲ್ಲಿ ಅದೇ ಇಲ್ಲ. ಇವ ಎಲ್ಲಿ ನಿಂತರೆ ಹೊರಗೆ, ಎಲ್ಲಿ ಕೂತರೆ ಒಳಗೆ, ನೀನೇ ಹೇಳು ನೋಡುವ?"

ಆಚೆಯಿಂದ ಗದಿಗೆಪ್ಪ ಕೂಗಿದ, "ಅಜ್ಜಾ, ಅಂದ್ರ ಗ್ವಾಡಿ ಕೀಳ್ಲೇನ್ರಿ?"

"ಇನ್ನೂ ಕೇಳುತ್ತಾ ನಿಂತಿದ್ದೀಯಲ್ಲ ಮಾರಾಯ!"

ರಸ್ತೆ ಅಗೆಯುವ ಜನಕ್ಕೆ ತಟ್ಟಿ ಯಾವ ಲೆಕ್ಕ! ಹಾರೆ ಹಾಕಿ ಎಳೆದರು. ಹಳೆಯ ತಟ್ಟಿ ನಾಲ್ಕು ವರ್ಷದ ಮಸಿಯ ಸಮೇತ ಕೆಳಗೆ ಬಿತ್ತು. ಧೂಳು ಕೂರುವ ಮೊದಲೇ ಆಗ್ರಾ ರಸ್ತೆಯ ಬೆಳಕೆಲ್ಲ ಅಡಿಗೆ ಕೋಣೆಗೆ ನುಗ್ಗಿತು. ಅಣ್ಣು ಕಣ್ಣು ಕಿರಿದು ಮಾಡಿಕೊಂಡು ನೋಡಿದ. ಅಷ್ಟು ಹತ್ತಿರದಲ್ಲಿ ಗೇಟು, ಅದರ ಮುಂದೆ ಬುತ್ತಿ ಹಿಡಿದು ಪಾಳಿಗೆ ಕಾಯುತ್ತಿದ್ದವರು ತಲೆಯೆತ್ತಿ ಅವನನ್ನೇ ನೋಡುತ್ತಿದ್ದರು. ಊಟದ ಭೋಂಗಾ ಕೂಗಿತು.

"ಶೆಟ್ಟರೇ," ಅಂದರು ವೆಂಕಟಸುಬ್ಬಯ್ಯ. ಬಿದ್ದ ತಟ್ಟಿಯ ಮೇಲೆಯೇ ದಾಟಿ ಬಂದು ಕಡೆಯುವ ಕಲ್ಲಿನ ಹತ್ತಿರ ಕೂತರು. "ಮೊದಲ ಕಾಫಿ ನನಗೆ. ಮುಳ್ಳು ತುಳಿದೋನು ನಾನು."

ಬೆಂಚು ಎತ್ತಿ ತರುವವರು ಯಾರು, ಕಲ್ಲು ಕಾಯಿಸುವವರು ಯಾರು, ಒಂದೂ ಗೊತ್ತಾಗದ ಗಡಿಬಿಡಿ. ಚಾ ಮುಗಿಯಿತು, ಮತ್ತೆ ಇಟ್ಟರು, ಮತ್ತೆ ಮುಗಿಯಿತು. ಹಿಟ್ಟು ತಳ ಕಂಡಿತು. ಮಾವ ನಡುವೆ ಕೂತು ಯಾರಿಗೋ ಹಿಂದಿಯಲ್ಲಿ "ಆವ್, ಬೈಠೋ" ಅನ್ನುತ್ತಿದ್ದ. ಒಂದು ಹೊತ್ತಿನಲ್ಲಿ ಅಣ್ಣು ಸೌಟು ಹಿಡಿದುಕೊಂಡೇ ನಿಂತ. ಎಷ್ಟೋ ತಿಂಗಳಿನಿಂದ ಎದೆಯ ಮೇಲೆ ಕೂತಿದ್ದ ಒರಳಕಲ್ಲು ಯಾವಾಗ ಇಳಿಯಿತು ಅಂತಲೇ ಅವನಿಗೆ ಗೊತ್ತಾಗಿರಲಿಲ್ಲ. "ದೋಸೆ ಕರಟುತ್ತಾ ಉಂಟು!" ಅಂತ ಶೀಲಾವತಿ ಕೂಗಿದಾಗ ಅವನಿಗೆ ಎಚ್ಚರವಾಯಿತು.

ಜನ ಕರಗಿದ ಮೇಲೆ ಮಾವ ಹೊಸ ಪ್ರಶ್ನೆ ತೆಗೆದ. "ಹಲಗೆ ಇಡಬಾರದು ಅಂದೆ. ರಾತ್ರಿ ನಾಯಿ ನುಗ್ಗಿದರೆ?"

ಶೀಲಾವತಿ ಕೋಣೆಗೆ ಹೋಗಿ ತನ್ನ ಟ್ರಂಕನ್ನು ದರದರ ಎಳೆದು ತಂದು ತಟ್ಟಿ ಇದ್ದ ಜಾಗದಲ್ಲಿ ಅಡ್ಡ ಇಟ್ಟಳು. ಅದರ ಮೇಲೆ ಒಂದು ಬೆಂಚು ಮಗುಚಿ ಹಾಕಿದಳು.

"ಇದು ಹೊಸ್ತಿಲಲ್ಲವಲ್ಲ ಮಾವ?"

ಮಾವ ಟ್ರಂಕನ್ನು ಕೋಲಿನಿಂದ ತಟ್ಟಿದ. ತುಂಬಿದ ಟ್ರಂಕಿನ ಸದ್ದು.

"ಅಲ್ಲ," ಅಂದ. "ಆದರೆ ಇದನ್ನು ಇಲ್ಲಿಂದ ಎತ್ತುವ ಹಾಗಿಲ್ಲ ಮತ್ತೆ. ಹಡಗಿಗೆ ನಾನೊಬ್ಬನೇ ಹೋಗುತ್ತೇನೆ."

ಅವನು ಒಬ್ಬನೇ ಹೋದ. ಅಣ್ಣುವೇ ಹಡಗು ನಿಲ್ಲುವ ಧಕ್ಕೆಯವರೆಗೆ ಹೋಗಿ ಹತ್ತಿಸಿ ಬಂದ. ಬರುವ ದಾರಿಯಲ್ಲಿ ಸಯನ್ನಿನಲ್ಲಿ ಇಳಿದು, ಸದಾನಂದನ ಹೋಟೆಲಿನ ಎದುರು ಬಾಗಿಲಿನಿಂದ ಒಳಗೆ ಹೋಗಿ, ಕೂತು, ಒಂದು ಚಾ ಕುಡಿದು ಎದ್ದ.

"ಕಲ್ಲು ಖಾಲಿ ಉಂಟು," ಅಂದ ಸದಾನಂದ.

"ಗೊತ್ತುಂಟು, ದೋಸೆ ನೋಡಿದರೆ ಗೊತ್ತಾಗುತ್ತದೆ," ಅಂತ ಹೇಳಿ ಹೊರಗೆ ಬಂದ. ಆ ಒಂದು ಮಾತಿಗೆ ಅವನಿಗೆ ಭಾಂಡುಪು ಮುಟ್ಟುವವರೆಗೂ ನಗು ಬರುತ್ತಿತ್ತು.

ಮಳೆ ಹಿಡಿಯಿತು. ಬೀಸಿದ್ದೂ ಪಡುಗಾಳಿಯೇ. ತೆರೆದ ಬದಿಯಿಂದ ನೀರು ಸೀದಾ ಒಳಗೆ ಬಂದು ಒಲೆಯ ಬಾಯಿಗೆ ಹೊಡೆಯಿತು. ಬೆಂಚಿನ ಮೇಲೆ ಕೂತವರು ಚಾ ಗ್ಲಾಸು ಎತ್ತಿಕೊಂಡು ಮೂಡಿನ ಬದಿಗೆ ಓಡಿದರು, ಹಲಸಿನ ಬಾಗಿಲಿನ ಹತ್ತಿರ ಒತ್ತೊತ್ತಾಗಿ ನಿಂತರು. ಎಷ್ಟೋ ತಿಂಗಳ ನಂತರ ಆ ಬಾಗಿಲಿಗೆ ಜನ.

"ನೋಡಿ, ಮಾವ ಹೇಳಿದ್ದು ಸುಳ್ಳಲ್ಲ," ಅಂದಳು ಶೀಲಾವತಿ, ಒದ್ದೆ ಮುಖ ಒರೆಸಿಕೊಳ್ಳುತ್ತ. "ಪಡುವಿನದು ನಿಮ್ಮ ಕುಟುಂಬಕ್ಕೆ ಆಗಿ ಬರುವುದಿಲ್ಲ."

"ಬಾಯಿ ಮುಚ್ಚಿ ಟ್ರಂಕು ಹಿಡಿ," ಅಂದ ಅಣ್ಣು. ಇಬ್ಬರೂ ಎರಡು ಬದಿ ಹಿಡಿದು ಅದನ್ನು ಮೇಜಿನ ಮೇಲೆ ಏರಿಸಿದರು. ಭಾರವಾಗಿತ್ತು, ಆದರೆ ಸೀರೆಯ ಭಾರ ಅಲ್ಲ. ಸೀರೆಗಳನ್ನು ಅವಳು ಯಾವಾಗಲೋ ತೆಗೆದು ಮತ್ತೆ ಕೋಣೆಯ ಹಗ್ಗಕ್ಕೆ ಹಾಕಿದ್ದಳು. ಟ್ರಂಕಿನ ಒಳಗೆ ಈಗ ಇದ್ದದ್ದು ಹೋಟೆಲಿನ ಅಕ್ಕಿ.